ತಂಗಳು ಪೆಟ್ಟಿಗೆಯೂ ಮೂರನೆಯ ತಂತಿಯೂ

ನಮ್ಮ ಮನೆಗಳಿಗೆ ವಿದ್ಯುತ್ತು ಮೊದಲು ಬಂದದ್ದು ಬೆಳಕಾಗಿ, ಕೆಲಸದಾಳಾಗಿ ಅಲ್ಲ. ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ ನಮ್ಮ ಮನೆಗಳ ವೈರಿಂಗಿನ ಎಷ್ಟೋ ವಿಚಿತ್ರಗಳು ತಾವಾಗಿಯೇ ಅರ್ಥವಾಗುತ್ತವೆ. ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತುಮಕೂರಿನಲ್ಲಿ ಮನೆ ಕಟ್ಟಿಸುತ್ತಿರುವ ಸುದ್ದಿ ತಿಳಿಸಿ, ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದ: "ಫ್ರಿಜ್ಜಿಗೆ ಮೇನ್ ಬೋರ್ಡಿನಿಂದ ಪ್ರತ್ಯೇಕ ಲೈನು ಎಳೆಯಬೇಕು ಎಂದು ವೈರಿಂಗ್‌ನವರು ಹೇಳುತ್ತಿದ್ದಾರೆ. ಇದು ಅಗತ್ಯವೇ ಮೇಷ್ಟ್ರೇ, ಇಲ್ಲ ಬಿಲ್ಲು ಬೆಳೆಸುವ ಉಪಾಯವೇ?" ಅಗತ್ಯ ಎಂದು ಒಂದೇ ಮಾತಿನಲ್ಲಿ ಉತ್ತರಿಸಿದೆ. ಆದರೆ ಆ ಒಂದು ಮಾತಿನ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಅದರಲ್ಲಿ ಕೊಂಚ ಭಾಗವನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅದನ್ನು ಇಲ್ಲಿ ಬರೆದಿಡುತ್ತೇನೆ.

ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದಾಗ ಆ ವಿದ್ಯುತ್ತು ಹೊರಟದ್ದು ಯಾರ ಮನೆಗೂ ಅಲ್ಲ. ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆ ಅದು. ಫಲ ನೀಡಿದ್ದು ಅವರು ತೀರಿಕೊಂಡ ಮರುವರ್ಷ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿದದ್ದು 1905ರ ಆಗಸ್ಟಿನಲ್ಲಿ. ಮೈಸೂರಿಗೆ ಆ ಭಾಗ್ಯ ಒದಗಿದ್ದು 1908ರಲ್ಲಿ. ಅಲ್ಲಿಂದ ಮುಂದೆ ಸಿರಿವಂತರ ಮನೆಗಳು, ಕಚೇರಿಗಳು, ಆಸ್ಪತ್ರೆಗಳು, ಹೀಗೆ ಬಹಳ ನಿಧಾನವಾಗಿ ತಂತಿಗಳು ಹರಡಿದವು. 1948ರಲ್ಲಿ ಜೋಗದ ವಿದ್ಯುದಾಗಾರ, 1957ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಮಂಡಲಿ, 1960ರ ದಶಕದಲ್ಲಿ ಶರಾವತಿ. ಇವೆಲ್ಲ ಆದ ಮೇಲೆಯೇ ನಮ್ಮಂಥ ಹಳ್ಳಿಗಳ ಸರದಿ.

ಹಾಸನ ಜಿಲ್ಲೆಯ ನಮ್ಮ ಊರಿಗೆ ಕಂಬಗಳು ಬಂದದ್ದು 1963ರಲ್ಲಿ. ನಮ್ಮ ಮನೆಗೆ ಮೂರು ದೀಪ: ಜಗುಲಿಗೊಂದು, ನಡುಮನೆಗೊಂದು, ಅಡುಗೆಮನೆಗೊಂದು. ಗೋಡೆಯ ಮೇಲೆ ಮರದ ರೀಪರು ಹೊಡೆದು, ಅದರ ಮೇಲೆ ಜೋಡಿ ತಂತಿಗಳನ್ನು ತಗಡಿನ ಕ್ಲಿಪ್ಪುಗಳಿಂದ ಬಿಗಿದಿದ್ದರು. ಸಂಜೆ ದೀಪ ಹಾಕಿದೊಡನೆ ಅಜ್ಜಿ ದೇವರ ದೀಪಕ್ಕೆ ಮುಗಿದಂತೆ ಬಲ್ಬಿಗೂ ಕೈ ಮುಗಿಯುತ್ತಿದ್ದರು. ಆ ಬಲ್ಬಾದರೂ ಎಲ್ಲಿತ್ತು? ತೊಲೆಯಿಂದ ನೇತಾಡುತ್ತಿತ್ತು; ಏಣಿಯಿಲ್ಲದೆ ಯಾರ ಕೈಗೂ ಸಿಕ್ಕುವಂತಿರಲಿಲ್ಲ. ಮುಟ್ಟುವಂಥದ್ದು ಸ್ವಿಚ್ಚೊಂದೇ, ಅದೂ ಬೇಕಲೈಟಿನದು. ಒಂದು ತಂತಿಯಲ್ಲಿ ವಿದ್ಯುತ್ತು ಬರುವುದು, ಇನ್ನೊಂದರಲ್ಲಿ ಮರಳುವುದು. ಎರಡೇ ತಂತಿ. ಮೂರನೆಯದರ ಮಾತನ್ನು ಯಾರೂ ಎತ್ತಲಿಲ್ಲ. ಬೆಳಕಿಗೆ ಎರಡೇ ಸಾಕಾಗಿತ್ತು.

ಮುಂದೆ ರೇಡಿಯೋ ಬಂತು. ಅದರ ಮೈ ಮರದ್ದು. ಫ್ಯಾನು ಬಂತು, ಅದೂ ತಲೆಯ ಮೇಲೆಯೇ ಉಳಿಯಿತು. ಇಸ್ತ್ರಿ ಪೆಟ್ಟಿಗೆಯದು ಮಾತ್ರ ಲೋಹದ ಮೈ, ಆದರೆ ಅದರ ಬಳಕೆ ವಾರಕ್ಕೆ ಅರ್ಧ ಗಂಟೆ. ಹಗಲಿರುಳೂ ವಿದ್ಯುತ್ತನ್ನು ಒಡಲಲ್ಲಿಟ್ಟುಕೊಂಡು, ನೆಲದ ಮೇಲೆಯೇ ನಿಂತು, ಮನೆಮಂದಿಯೆಲ್ಲ ಬರಿಗಾಲಲ್ಲಿ ಬಂದು ಒದ್ದೆ ಕೈಯಲ್ಲಿ ಮುಟ್ಟುವ ಮೊತ್ತಮೊದಲ ಲೋಹದ ಯಂತ್ರವೆಂದರೆ ಫ್ರಿಜ್ಜೇ. ನಮ್ಮ ವಿಜ್ಞಾನದ ಪುಸ್ತಕದಲ್ಲಿ ಅದಕ್ಕೆ 'ಶೀತಕ' ಎಂಬ ಗಂಭೀರ ಹೆಸರಿತ್ತು. ನನಗೆ ಹಾಸ್ಯಕ್ಕೆ ಯಾರೋ ಟಂಕಿಸಿದ 'ತಂಗಳು ಪೆಟ್ಟಿಗೆ'ಯೇ ಹೆಚ್ಚು ಹಿಡಿಸಿದೆ.

ಅಮೆರಿಕದಲ್ಲಿ ಮನೆಬಳಕೆಯ ವಿದ್ಯುತ್ ಫ್ರಿಜ್ಜುಗಳು 1910ರ ದಶಕದಲ್ಲಿ ಮಾರುಕಟ್ಟೆಗೆ ಬಂದವು. ಜನಪ್ರಿಯವಾದದ್ದು ಜನರಲ್ ಎಲೆಕ್ಟ್ರಿಕ್ ಕಂಪನಿ 1927ರಲ್ಲಿ ತಂದ, ನೆತ್ತಿಯ ಮೇಲೆ ಕಂಪ್ರೆಸರನ್ನು ಹೊತ್ತ ಮಾದರಿಯಿಂದ. ಆ ಕಾಲದ ಭಯ ವಿದ್ಯುತ್ತಿನದಲ್ಲ, ಒಳಗೆ ಹರಿಯುತ್ತಿದ್ದ ಗಂಧಕದ ಡೈ ಆಕ್ಸೈಡಿನಂಥ ವಿಷಾನಿಲಗಳದು. ಸೋರಿದ ಅನಿಲದಿಂದ ಬರ್ಲಿನ್ನಿನ ಒಂದು ಕುಟುಂಬ ಸತ್ತ ಸುದ್ದಿ ಓದಿ ಮನನೊಂದ ಆಲ್ಬರ್ಟ್ ಐನ್‌ಸ್ಟೈನ್, ಲಿಯೋ ಸಿಲಾರ್ಡ್ ಜೊತೆ ಸೇರಿ ಚಲಿಸುವ ಭಾಗಗಳೇ ಇಲ್ಲದ ಫ್ರಿಜ್ಜೊಂದನ್ನು ರೂಪಿಸಿದ್ದರು ಎಂಬುದನ್ನು ತರಗತಿಯಲ್ಲಿ ಹೇಳಿದಾಗ ನೀವೆಲ್ಲ ನಂಬದೆ ನಕ್ಕಿದ್ದು ನನಗೆ ನೆನಪಿದೆ. ಅದು ನಿಜವೇ. ಫ್ರಿಯಾನ್ ಬಂದ ಮೇಲೆ ಆ ಭಯ ಹಿಂದೆ ಸರಿಯಿತು. (ಅದು ಓಜೋನ್ ಪದರವನ್ನು ತಿನ್ನುತ್ತಿದ್ದುದು ತಿಳಿದದ್ದು ಬಹಳ ತಡವಾಗಿ, ಅದು ಬೇರೆಯೇ ಕಥೆ.)

ನಮ್ಮ ದೇಶದಲ್ಲಿ ಗೋದ್ರೆಜ್ ಕಂಪನಿ ಫ್ರಿಜ್ಜುಗಳನ್ನು ತಯಾರಿಸತೊಡಗಿದ್ದು 1958ರಲ್ಲಿ. ಮುಂದೆ ಹೈದರಾಬಾದಿನ ಆಲ್ವಿನ್, ಕೆಲ್ವಿನೇಟರ್ ಮುಂತಾದ ಹೆಸರುಗಳು ಮನೆಮಾತಾದವು. ಆದರೂ ಬಹುಕಾಲ ಅದು ವೈದ್ಯರ, ವಕೀಲರ ಮನೆಯ ವಸ್ತುವಾಗಿಯೇ ಇತ್ತು. ಮಧ್ಯಮವರ್ಗದ ಮನೆಗಳಿಗೆ ಅದು ಕಾಲಿಟ್ಟದ್ದು 1980ರ ದಶಕದಲ್ಲಿ. ಬಂದ ಫ್ರಿಜ್ಜನ್ನು ಎಲ್ಲಿಡುತ್ತಿದ್ದರು, ನೆನಪಿದೆಯೇ? ಅಡುಗೆಮನೆಯಲ್ಲಿ ಅಲ್ಲ, ಹಾಲಿನಲ್ಲಿ! ಸೋಫಾದ ಪಕ್ಕದಲ್ಲಿ, ಬಂದವರಿಗೆ ಕಾಣುವಂತೆ. ತಲೆಯ ಮೇಲೆ ಕಸೂತಿ ಹಾಕಿದ ಬಟ್ಟೆ, ಹಿಡಿಗೆ ಕ್ರೋಷಾ ಹೆಣಿಗೆಯ ಕವಚ, ಮುಂದೊಂದು ಕಾಲೊರಸು. ಇದನ್ನು ನಾನು ಹಾಸ್ಯಕ್ಕೆ ಹೇಳುತ್ತಿಲ್ಲ. ಹಾಲಿನಲ್ಲಿಟ್ಟಿದ್ದರಿಂದಲೇ ಒಂದು ತೊಡಕು ಹುಟ್ಟಿತು.

ಆ ಕಾಲದ ವೈರಿಂಗಿನಲ್ಲಿ ಎರಡು ಜಾತಿ. ಒಂದು 'ಲೈಟಿಂಗ್', ಇನ್ನೊಂದು 'ಪವರ್'. ಲೈಟಿಂಗ್ ಬೋರ್ಡಿನಲ್ಲಿ ಐದು ಆಂಪಿನ ಸಣ್ಣ ಪ್ಲಗ್ ಪಾಯಿಂಟು. ಪವರ್ ಎಂದರೆ ಹದಿನೈದು ಆಂಪಿನ ದೊಡ್ಡ ಪಾಯಿಂಟು, ಅದಕ್ಕೆ ದಪ್ಪ ತಂತಿ. ಈ ವಿಭಜನೆ ಸುರಕ್ಷತೆಯ ಚಿಂತನೆಯಿಂದ ಹುಟ್ಟಿದ್ದು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದರ ಹಿಂದೆ ಲೆಕ್ಕಪತ್ರದ ಪಾಲೂ ದೊಡ್ಡದು. ದೀಪದ ವಿದ್ಯುತ್ತಿಗೆ ಒಂದು ದರ, ನೀರು ಕಾಯಿಸುವ ಮತ್ತು ಯಂತ್ರ ನಡೆಸುವ ವಿದ್ಯುತ್ತಿಗೆ ಮತ್ತೊಂದು ದರ ಇದ್ದ ಕಾಲ ಅದು. ಬೆಂಗಳೂರಿನ ಹಳೆಯ ಮನೆಗಳ ಜಗುಲಿಯಲ್ಲಿ ಅಕ್ಕಪಕ್ಕ ಎರಡು ಮೀಟರುಗಳಿರುತ್ತಿದ್ದುದನ್ನು ಹಿರಿಯರು ಕಂಡಿರುತ್ತಾರೆ. ಎರಡನ್ನೂ ಒಂದುಗೂಡಿಸಿದ 'ಎ.ಇ.ಎಚ್.' ಸಂಪರ್ಕ, ಅಂದರೆ ಆಲ್ ಎಲೆಕ್ಟ್ರಿಕ್ ಹೋಮ್, ಒಂದು ಕಾಲದಲ್ಲಿ ಮನೆ ಬಾಡಿಗೆಯ ಜಾಹೀರಾತಿನಲ್ಲಿ ಎದ್ದು ಕಾಣುವ ಹೆಗ್ಗಳಿಕೆಯಾಗಿತ್ತು. ಪವರ್ ಪಾಯಿಂಟ್ ಇರುತ್ತಿದ್ದುದು ಬಾಯ್ಲರ್ ಇದ್ದ ಬಚ್ಚಲಿನಲ್ಲಿ, ಹೆಚ್ಚೆಂದರೆ ಅಡುಗೆಮನೆಯಲ್ಲಿ. ಹಾಲಿನಲ್ಲಿ ಅದಕ್ಕೇನು ಕೆಲಸ? ಹೀಗಾಗಿ ಹಾಲಿಗೆ ಬಂದ ಫ್ರಿಜ್ಜು ದೀಪ-ಫ್ಯಾನುಗಳ ಸಣ್ಣ ತಂತಿಗೆ ಜೋತುಬಿತ್ತು.

ಈ ಐದು-ಹದಿನೈದರ ದುಂಡು ಪಿನ್ನುಗಳ ಮೂಲ ಬ್ರಿಟನ್ನಿನ ಬಿ.ಎಸ್. 546 ಎಂಬ 1934ರ ಮಾನಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಯುದ್ಧಾನಂತರದ ಮನೆಗಳ ವೈರಿಂಗ್ ಹೇಗಿರಬೇಕೆಂದು ಅಲ್ಲಿ ಒಂದು ಸಮಿತಿ ಕುಳಿತಿತು. ಅದರ ಏಕೈಕ ಮಹಿಳಾ ಸದಸ್ಯೆ ಕ್ಯಾರೊಲಿನ್ ಹ್ಯಾಸ್ಲೆಟ್. ಅಡುಗೆಮನೆಯ ಹೆಂಗಸರ ಮತ್ತು ಅಂಬೆಗಾಲಿಡುವ ಮಕ್ಕಳ ದೃಷ್ಟಿಯಿಂದ ಸಾಕೆಟ್ಟನ್ನು ನೋಡಬೇಕೆಂದು ಆಕೆ ಒತ್ತಾಯಿಸಿದರು. 1944ರಲ್ಲಿ ವರದಿ ಬಂತು. 1947ರಲ್ಲಿ ಅದರ ಫಲವಾಗಿ ಚಪ್ಪಟೆ ಪಿನ್ನಿನ, ಒಳಗೇ ಫ್ಯೂಸ್ ಇರುವ, ರಂಧ್ರಗಳಿಗೆ ಮುಚ್ಚಳವಿರುವ 13 ಆಂಪಿನ ಹೊಸ ಪ್ಲಗ್ಗು ಬ್ರಿಟನ್ನಿನಲ್ಲಿ ರೂಢಿಗೆ ಬಂತು. ಅದೇ ವರ್ಷ ಬ್ರಿಟಿಷರು ಇಲ್ಲಿಂದ ಹೊರಟರು. ಹೊಸ ಪ್ಲಗ್ಗು ಅಲ್ಲಿಯೇ ಉಳಿಯಿತು, ಹಳೆಯದು ನಮ್ಮಲ್ಲಿ ಉಳಿಯಿತು! ಈಗ ಭಾರತೀಯ ಮಾನಕದಲ್ಲಿ ಅವು 6 ಮತ್ತು 16 ಆಂಪಿಯರುಗಳಾಗಿವೆ, ಮುಚ್ಚಳವೂ ಬಂದಿದೆ. ಆದರೆ ಅಂಗಡಿಯ ಬಾಯಲ್ಲಿ ಇನ್ನೂ ಐದು, ಹದಿನೈದೇ.

ಮೂರು ಪಿನ್ನುಗಳಲ್ಲಿ ಮೇಲಿನದು ಏಕೆ ದಪ್ಪ, ಏಕೆ ಉದ್ದ? ಹತ್ತನೆಯ ತರಗತಿಯಲ್ಲಿ ಪ್ರತಿವರ್ಷ ನಾನು ಕೇಳುತ್ತಿದ್ದ ಪ್ರಶ್ನೆ. ಪ್ಲಗ್ ಚುಚ್ಚುವಾಗ ಭೂಸಂಪರ್ಕ ಎಲ್ಲಕ್ಕಿಂತ ಮೊದಲು ಕೂಡಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು, ಅದಕ್ಕೇ ಉದ್ದ. ಬೇರೆ ರಂಧ್ರಕ್ಕೆ ತಪ್ಪಿಯೂ ಹೋಗಬಾರದು, ಅದಕ್ಕೇ ದಪ್ಪ. ಉತ್ತರ ಹೇಳಿದವರಿಗೆ ಅಂಕ ಕೊಟ್ಟಿದ್ದೇನೆ. ಆದರೆ ಮೂರನೆಯ ರಂಧ್ರದ ಹಿಂದೆ ತಂತಿ ಇದೆಯೇ ಎಂಬ ಪ್ರಶ್ನೆ ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಅದು ನನ್ನ ಮುಂದೆ ಬಂದದ್ದು 1986ರ ಮಳೆಗಾಲದಲ್ಲಿ. ಆಗ ನಾವು ಒಂದು ವಠಾರದ ಬಾಡಿಗೆ ಮನೆಯಲ್ಲಿದ್ದೆವು. ಪಕ್ಕದ ಮನೆಗೆ ಮಗನ ಮದುವೆಯ ಹೊಸ ಫ್ರಿಜ್ಜು ಬಂದು ಎರಡು ವರ್ಷವಾಗಿತ್ತು. ಅದನ್ನು ಮುಟ್ಟಿದರೆ ಆಗೀಗ 'ಜುಂ' ಎನ್ನುತ್ತದೆ ಎಂದು ಆ ಮನೆಯವರು ನಗುತ್ತಲೇ ಹೇಳುತ್ತಿದ್ದರು. ಕಾಲೊರಸಿನ ಮೇಲೆ ನಿಂತು ಮುಟ್ಟಿದರೆ ಏನೂ ಆಗದೆಂದು ಪರಿಹಾರವನ್ನೂ ಕಂಡುಕೊಂಡಿದ್ದರು. ಒಂದು ಬೆಳಗ್ಗೆ ಸೊಸೆ ನೆಲ ಒರೆಸುತ್ತಿದ್ದಳು. ಏಳುವಾಗ ಆಸರೆಗೆ ಎಡಗೈಯಿಂದ ಫ್ರಿಜ್ಜಿನ ಹಿಡಿಯನ್ನು ಹಿಡಿದಳು. ಕೈ ಬಿಡಲಾಗಲಿಲ್ಲ. ಅತ್ತೆಯ ಕೂಗು ಕೇಳಿ ನಾವೆಲ್ಲ ಓಡಿದೆವು. ಎದುರು ಮನೆಯ ಹುಡುಗನೊಬ್ಬ ಸಮಯಸ್ಫೂರ್ತಿಯಿಂದ ಮೀಟರಿನ ಬಳಿಯ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದ. ಆಕೆ ಬದುಕಿದಳು. ಅಂಗೈಯ ಸುಟ್ಟಗಾಯ ಮಾಯಿತು. ಎರಡು ಬೆರಳುಗಳಿಗೆ ಮಾತ್ರ ಸ್ಪರ್ಶ ಪೂರ್ತಿಯಾಗಿ ಮರಳಲಿಲ್ಲ.

ಮರುದಿನ ವೈರ್‌ಮನ್ ಬಂದು ಬಿಚ್ಚಿ ನೋಡಿದ. ಫ್ರಿಜ್ಜಿನ ಹಿಂಬದಿಯಲ್ಲಿ, ಕಂಪ್ರೆಸರಿನ ನಡುಕಕ್ಕೆ ಒಂದು ತಂತಿ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಹೊದಿಕೆ ಸವೆದಿತ್ತು. ಅಷ್ಟು ಯಾವ ಯಂತ್ರಕ್ಕೂ ಆಗಬಹುದಾದದ್ದೇ. ಅದಕ್ಕಾಗಿಯೇ ಮೂರನೆಯ ತಂತಿ ಇರುವುದು. ಪ್ಲಗ್ಗಿಗೆ ಮೂರು ಪಿನ್ನೂ ಸರಿಯಾಗಿದ್ದವು, ಗೋಡೆಯಲ್ಲಿ ಮೂರು ರಂಧ್ರವೂ ಇದ್ದವು. ಆದರೆ ಆ ದೊಡ್ಡ ರಂಧ್ರದ ಹಿಂದೆ ತಂತಿಯೇ ಇರಲಿಲ್ಲ. ರೀಪರಿನ ಮೇಲೆ ಮೊದಲಿನಿಂದಲೂ ಎರಡೇ ತಂತಿ ಓಡಿದ್ದವು. ಯಾರೋ ಎರಡು ರಂಧ್ರದ ಸಾಕೆಟ್ ತೆಗೆದು ಮೂರು ರಂಧ್ರದ್ದನ್ನು ಕೂರಿಸಿದ್ದರು, ಅಷ್ಟೇ. ಅಂಥ ಕುರುಡು ರಂಧ್ರಗಳು ಆ ಕಾಲದಲ್ಲಿ ಎಷ್ಟು ಮನೆಗಳಲ್ಲಿದ್ದವೋ! ಹಳೆಯ ಮನೆಗಳಲ್ಲಿ ಇಂದಿಗೂ ಸಿಗುತ್ತವೆ.

ಮೂರನೆಯ ತಂತಿಯಿರುವ ಮನೆಗಳಲ್ಲಾದರೂ ಅದು ಎಲ್ಲಿಗೆ ಹೋಗುತ್ತಿತ್ತು? 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ಗ್ರಾಹಕನ ಆವರಣದಲ್ಲಿ ಭೂಸಂಪರ್ಕದ ತುದಿಯೊಂದನ್ನು ಸರಬರಾಜುದಾರನೇ ಒದಗಿಸಬೇಕೆಂದು ಹೇಳಿದ್ದವು. ವಾಸ್ತವದಲ್ಲಿ ಮನೆಯವರೇ ಹಿತ್ತಿಲಲ್ಲಿ ಗುಂಡಿ ತೋಡಿ, ಕಬ್ಬಿಣದ ಕೊಳವೆ ಹೂತು, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರಪದರವಾಗಿ ತುಂಬಿ ಅರ್ಥಿಂಗ್ ಮಾಡಿಸಬೇಕಿತ್ತು. ಅಷ್ಟೂ ಮಾಡದವರು ಹಸಿರು ತಂತಿಯನ್ನು ನಲ್ಲಿಯ ಕೊಳಾಯಿಗೆ ಸುತ್ತಿ ಕೈತೊಳೆದುಕೊಳ್ಳುತ್ತಿದ್ದರು. ಕೊಳಾಯಿ ಕಬ್ಬಿಣದ್ದಾಗಿ ನೆಲದೊಳಗೆ ದೂರ ಓಡುತ್ತಿದ್ದ ಕಾಲದಲ್ಲಿ ಅದು ಹೇಗೋ ನಡೆಯಿತು. ಆಮೇಲೆ ಪ್ಲಾಸ್ಟಿಕ್ ಪೈಪುಗಳು ಬಂದವು. ಪ್ಲಂಬರು ತುಕ್ಕು ಹಿಡಿದ ಕೊಳಾಯಿಯ ಒಂದು ತುಂಡು ತೆಗೆದು ಪಿ.ವಿ.ಸಿ. ಕೂರಿಸಿದ, ಅವನ ಕೆಲಸದಲ್ಲಿ ದೋಷವಿಲ್ಲ. ಆದರೆ ಆ ಕ್ಷಣದಲ್ಲಿ ಮನೆಯ ಅರ್ಥಿಂಗ್ ಸದ್ದಿಲ್ಲದೆ ಸತ್ತುಹೋಯಿತು. ಅಷ್ಟೇ ಅಲ್ಲ, ಫ್ರಿಜ್ಜಿನಲ್ಲಿ ದೋಷ ಕಂಡರೆ ಬಚ್ಚಲಿನ ನಲ್ಲಿ ಶಾಕ್ ಹೊಡೆಯುವ ಸ್ಥಿತಿ ಬಂತು.

ಇದಕ್ಕಿಂತ ಕೆಟ್ಟದ್ದು ಸಾಕೆಟ್ಟಿನೊಳಗೇ ನ್ಯೂಟ್ರಲ್ ತಂತಿಯಿಂದ ಒಂದು ತುಣುಕು ಎಳೆದು ಅರ್ಥ್ ರಂಧ್ರಕ್ಕೆ ಸೇರಿಸುವ ಪದ್ಧತಿ. "ಎರಡೂ ಕೊನೆಗೆ ಭೂಮಿಗೇ ಹೋಗುವುದು ತಾನೆ?" ಎಂಬ ಜಾಣತನ ಅದರ ಹಿಂದಿದೆ. ಎಲ್ಲ ಸರಿಯಿರುವ ತನಕ ಸರಿ. ಎಲ್ಲಿಯೋ ಒಂದು ಕಡೆ ನ್ಯೂಟ್ರಲ್ ಕಡಿಯಿತೋ, ಫ್ರಿಜ್ಜಿನಲ್ಲಿ ಯಾವ ದೋಷವೂ ಇಲ್ಲದೆಯೇ ಅದರ ಇಡೀ ಮೈಗೆ 230 ವೋಲ್ಟ್ ಬಂದು ಕೂರುತ್ತದೆ. ನಿಮ್ಮ ಮನೆಯಲ್ಲಿ ಹೀಗೆ ಮಾಡಿದ್ದಾರೆಂಬ ಸಂಶಯವಿದ್ದರೆ ಈ ಲೇಖನ ಓದುವುದನ್ನು ಇಲ್ಲಿಗೆ ನಿಲ್ಲಿಸಿ, ಮೊದಲು ವೈರಿಂಗ್ ಬಲ್ಲವರನ್ನು ಕರೆಸಿ.

ಫ್ಯೂಸ್ ಇದೆಯಲ್ಲ, ಅದು ಕಾಯುವುದಿಲ್ಲವೇ ಎಂದು ಕೇಳುತ್ತೀರಿ. ಕಾಯುತ್ತದೆ, ತಂತಿಯನ್ನು, ಮನುಷ್ಯನನ್ನಲ್ಲ. ಲೆಕ್ಕ ಹಾಕೋಣ, ಮೇಷ್ಟರ ಚಾಳಿ ಬಿಡಲಾಗದು. ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕ ವಿದ್ಯಾರ್ಥಿಗಳ ಮೇಲೆ ಎಚ್ಚರದಿಂದ ಪ್ರಯೋಗ ನಡೆಸಿ, ಹಿಡಿದ ತಂತಿಯನ್ನು ಮನುಷ್ಯ ತಾನಾಗಿ ಬಿಡಬಲ್ಲ ಮಿತಿಯನ್ನು ಅಳೆದಿದ್ದರು: ಸರಾಸರಿ ಗಂಡಸರಿಗೆ 16 ಮಿಲಿ ಆಂಪಿಯರ್, ಹೆಂಗಸರಿಗೆ 10.5. ಅದನ್ನು ಮೀರಿದರೆ ಸ್ನಾಯುಗಳು ಬಿಗಿದುಕೊಂಡು ಕೈ ಅಂಟಿಕೊಳ್ಳುತ್ತದೆ. ಒದ್ದೆ ಮೈಯ ರೋಧ ಸುಮಾರು 1000 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿಗೆ ಮೈಯಲ್ಲಿ ಹರಿಯುವುದು 230 ಮಿಲಿ ಆಂಪಿಯರ್. ಹೃದಯದ ಲಯ ಕೆಡಿಸಲು ಅದು ಧಾರಾಳವಾಯಿತು. ಹದಿನೈದು ಆಂಪಿನ ಫ್ಯೂಸಿಗೆ ಇದು ಲೆಕ್ಕಕ್ಕೇ ಇಲ್ಲ. ಇನ್ನು ಹಿತ್ತಿಲ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ಅದರ ರೋಧ 50 ಓಮ್ ಆಯಿತೆನ್ನಿ. ದೋಷವಾದಾಗ ಭೂಮಿಗೆ ಹರಿಯುವುದು ಐದು ಆಂಪಿಯರಿಗೂ ಕಡಿಮೆ. ಫ್ಯೂಸ್ ಹೋಗುವುದೇ ಇಲ್ಲ. ಯಂತ್ರದ ಮೈ ಜೀವಂತವಾಗಿಯೇ ಉಳಿಯುತ್ತದೆ. ಅರ್ಥ್ ಗುಂಡಿಗೆ ಆಗಾಗ ಎರಡು ಕೊಡ ನೀರು ಹಾಕಬೇಕೆಂದು ಹಿಂದಿನವರು ಹೇಳುತ್ತಿದ್ದುದು ಇದೇ ಕಾರಣಕ್ಕೆ. ಫ್ಯೂಸಿಗೆ ಎರಡು ಮೂರು ಎಳೆ ದಪ್ಪ ತಂತಿ ಸುತ್ತಿ "ಇನ್ನು ಹೋಗುವುದೇ ಇಲ್ಲ" ಎಂದು ಹೆಮ್ಮೆಪಡುತ್ತಿದ್ದ ಮನೆಗಳ ವಿಷಯ ಹೇಳುವುದೇ ಬೇಡ.

ಮನುಷ್ಯನನ್ನು ಕಾಯುವ ಸಾಧನ ಹುಟ್ಟಿದ್ದು ಎಲ್ಲಿ ಗೊತ್ತೆ? ಚಿನ್ನದ ಗಣಿಯಲ್ಲಿ. ಕೋಲಾರದಲ್ಲಲ್ಲ, ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿನ ಆಳದ ಗಣಿಗಳ ವಿದ್ಯುದಪಘಾತಗಳನ್ನು ತಡೆಯಲು 1950ರ ದಶಕದ ನಡುವಿನಲ್ಲಿ ಹೆನ್ರಿ ರೂಬಿನ್ ಎಂಬ ಇಂಜಿನಿಯರು ಈ ದಿಕ್ಕಿನಲ್ಲಿ ಕೆಲಸ ಮಾಡಿದರು. ತತ್ತ್ವ ಬಹಳ ಸರಳ: ಹೋದ ವಿದ್ಯುತ್ತು ಅಷ್ಟೂ ಮರಳಿ ಬಂದಿತೇ ಎಂದು ತೂಗಿ ನೋಡುವುದು. ಫೇಸ್ ತಂತಿಯಲ್ಲಿ ಹೋದದ್ದಕ್ಕೂ ನ್ಯೂಟ್ರಲ್‌ನಲ್ಲಿ ಮರಳಿದ್ದಕ್ಕೂ ವ್ಯತ್ಯಾಸ ಕಂಡರೆ, ಆ ವ್ಯತ್ಯಾಸ ಬೇರೆಲ್ಲೋ ಸೋರುತ್ತಿದೆ, ಪ್ರಾಯಶಃ ಒಬ್ಬ ಮನುಷ್ಯನ ಮೈಯ ಮೂಲಕ. ಕೂಡಲೇ ಸಂಪರ್ಕ ಕಡಿಯಬೇಕು. ಸ್ಟಿಲ್‌ಫಾಂಟೇನ್ ಎಂಬ ಗಣಿ ಊರಿನ ಮನೆಗಳಲ್ಲಿ ಗೃಹೋಪಯೋಗಿ ಯಂತ್ರಗಳ ಶಾಕಿನಿಂದ ಕೆಲವು ಹೆಂಗಸರು ಸತ್ತಿದ್ದರು. 1957-58ರಲ್ಲಿ ಆ ಮನೆಗಳಿಗೇ ಈ ಸಾಧನವನ್ನು ಅಳವಡಿಸಿದರು. ಅಮೆರಿಕದಲ್ಲಿ ಡಾಲ್ಜಿಯಲ್ 1960ರ ದಶಕದ ಆರಂಭದಲ್ಲಿ ತಮ್ಮದೊಂದನ್ನು ರೂಪಿಸಿದರು. ನಮ್ಮಲ್ಲಿ ಅದನ್ನು ಇ.ಎಲ್.ಸಿ.ಬಿ. ಎಂದು ಕರೆಯುವುದು ರೂಢಿಯಾಯಿತು, ಈಗ ಆರ್.ಸಿ.ಸಿ.ಬಿ. ಎನ್ನುತ್ತಾರೆ. ಮನೆಗೆ ಬೇಕಾದದ್ದು 30 ಮಿಲಿ ಆಂಪಿಯರಿಗೆ ಕೆಲಸ ಮಾಡುವಂಥದ್ದು. ಹದಿನೈದು ಆಂಪಿನ ಫ್ಯೂಸಿಗಿಂತ ಐನೂರು ಪಾಲು ಸೂಕ್ಷ್ಮ. ಆದರೆ 2010ರ ಕೇಂದ್ರ ಸುರಕ್ಷತಾ ನಿಯಮಗಳು ಕೂಡ 5 ಕಿಲೋವ್ಯಾಟಿಗಿಂತ ಕಡಿಮೆ ಭಾರದ ಮನೆಗಳನ್ನು ಈ ಕಡ್ಡಾಯದಿಂದ ಹೊರಗಿಟ್ಟಿದ್ದವು. ಶಾಕ್ ಹೊಡೆಯುವಾಗ ಅದು ಕಿಲೋವ್ಯಾಟು ನೋಡುತ್ತದೆಯೇ? ನನಗಂತೂ ಆ ವಿನಾಯಿತಿಯ ತರ್ಕ ಒಪ್ಪಿಗೆಯಾಗಲಿಲ್ಲ.

1996ರಲ್ಲಿ ನಾವು ಸ್ವಂತ ಮನೆ ಕಟ್ಟಿದಾಗ ವೈರಿಂಗ್ ವಹಿಸಿಕೊಂಡವನು ನನ್ನ ವಿದ್ಯಾರ್ಥಿಯೇ. ಐ.ಟಿ.ಐ. ಮುಗಿಸಿ, ಪರವಾನಗಿ ಪಡೆದ ಗುತ್ತಿಗೆದಾರರ ಬಳಿ ಕೆಲಸ ಕಲಿತು, ತಾನೂ ಪರವಾನಗಿ ಪಡೆದಿದ್ದ. ನಕ್ಷೆಯ ಮೇಲೆ ಸೀಸದಕಡ್ಡಿಯಲ್ಲಿ ಗೀಟು ಹಾಕುತ್ತ ಅವನು ಹೇಳಿದ:

"ಸರ್, ಫ್ರಿಜ್ಜಿಗೆ ಬೇರೆ ಲೈನ್ ಎಳೀತೀನಿ."

"ಅದು ನೂರೈವತ್ತು ವ್ಯಾಟಿನ ಯಂತ್ರ ಕಣೋ. ಅದಕ್ಯಾಕೆ ಅಷ್ಟು ಮರ್ಯಾದೆ?"

"ವ್ಯಾಟಿಗಲ್ಲ ಸರ್. ಮನೇಲಿ ಯಾರೂ ಇಲ್ಲದಾಗಲೂ ಓಡೋದು ಅದೊಂದೇ."

ಅವನು ವಿವರಿಸಿದ ಕ್ರಮದಲ್ಲೇ ಹೇಳುತ್ತೇನೆ. ಫ್ರಿಜ್ಜು ಓಡುವಾಗ ಒಂದು ಆಂಪಿಯರನ್ನೂ ಎಳೆಯುವುದಿಲ್ಲ ನಿಜ. ಆದರೆ ನಿಂತ ಕಂಪ್ರೆಸರು ಮತ್ತೆ ಎದ್ದೇಳುವ ಕ್ಷಣಾರ್ಧದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಹಳೆಯ ಮನೆಗಳಲ್ಲಿ ಫ್ರಿಜ್ಜು 'ಗುರ್' ಎಂದಾಗಲೆಲ್ಲ ಹಾಲಿನ ಬಲ್ಬು ಕಣ್ಣು ಮಿಟುಕಿಸುತ್ತಿದ್ದುದು ಅದರಿಂದಲೇ. ಸಣ್ಣ ತಂತಿಯಲ್ಲಿ, ಹತ್ತು ಕಡೆ ಜೋಡಿಸಿದ ಕೊಂಡಿಗಳ ಮೂಲಕ ಆ ಸೆಳೆತ ದಿನಕ್ಕೆ ಹತ್ತಾರು ಸಲ ಹಾದುಹೋದರೆ ಸಡಿಲವಾದ ಕೊಂಡಿಗಳು ಬಿಸಿಯಾಗುತ್ತವೆ. ಅಲ್ಯೂಮಿನಿಯಂ ತಂತಿಗಳ ಕಾಲದಲ್ಲಂತೂ ಸ್ಕ್ರೂ ಬಿಗಿದರೂ ತಂತಿಯೇ ಮೆತ್ತಗೆ ಹಿಂಜರಿದು ಕೊಂಡಿ ಸಡಿಲವಾಗುತ್ತಿತ್ತು. ವೋಲ್ಟೇಜು ತೀರ ಇಳಿದರೆ ಕಂಪ್ರೆಸರಿಗೆ ಏಳಲಾಗದೆ ಆ ಭಾರಿ ಸೆಳೆತ ಅಲ್ಲೇ ನಿಂತು, ಸುರುಳಿ ಬೇಯುತ್ತದೆ. ಸ್ಟೆಬಿಲೈಜರ್ ಎಂಬ ಇನ್ನೊಂದು ಪೆಟ್ಟಿಗೆ ನಮ್ಮ ಮನೆಗಳಿಗೆ ಬಂದದ್ದು ಹಾಗೆ.

ಆದ್ದರಿಂದ ಅವನು ಡಿ.ಬಿ. ಬಾಕ್ಸಿನಿಂದ ಫ್ರಿಜ್ಜಿನ ಜಾಗದವರೆಗೆ ಫೇಸ್, ನ್ಯೂಟ್ರಲ್, ಅರ್ಥ್ ಮೂರನ್ನೂ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ, ನಡುವೆ ಎಲ್ಲಿಯೂ ಕಡಿಯದೆ, ಬೇರೆ ಯಾವ ಪಾಯಿಂಟಿಗೂ ಕವಲೊಡೆಸದೆ ಎಳೆದ. ಕೊನೆಯಲ್ಲಿ ಒಂದೇ ದೊಡ್ಡ ಸಾಕೆಟ್. ಅದೂ ಫ್ರಿಜ್ಜಿನ ಬೆನ್ನ ಹಿಂದಲ್ಲ, ತುರ್ತಿಗೆ ಕೈ ಎಟಕುವಂತೆ ಪಕ್ಕದಲ್ಲಿ, ನೆಲ ತೊಳೆದ ನೀರು ಸಿಡಿಯದ ಎತ್ತರದಲ್ಲಿ. ಮನೆ ವೈರಿಂಗಿನ ಭಾರತೀಯ ಸಂಹಿತೆಯಾದ ಐ.ಎಸ್. 732 ಕೂಡ ದೀಪ-ಫ್ಯಾನುಗಳ ಒಂದು ಲೈನಿಗೆ ಹತ್ತು ಪಾಯಿಂಟು ಅಥವಾ 800 ವ್ಯಾಟ್, ಪವರ್ ಲೈನಿಗೆ ಎರಡೇ ಪಾಯಿಂಟು ಎಂಬ ಮಿತಿಯನ್ನು 1989ರ ಆವೃತ್ತಿಯಲ್ಲಿ ಹಾಕಿತ್ತು. ಇವನು ಎರಡನ್ನು ಒಂದಕ್ಕಿಳಿಸಿದ್ದ. ಹಿತ್ತಿಲಲ್ಲಿ ಅರ್ಥ್ ಗುಂಡಿ ತೋಡಿಸಿ, ಅದರ ರೋಧವನ್ನು ಉಪಕರಣದಿಂದ ಅಳೆದು ನನಗೆ ತೋರಿಸಿದ. ಟೆಸ್ಟರಿನ ದೀಪ ಹತ್ತುವುದನ್ನಷ್ಟೇ ನೋಡಿ 'ಎಲ್ಲ ಸರಿ' ಎನ್ನುವವರನ್ನು ಕಂಡಿದ್ದ ನನಗೆ ಅದು ಹೊಸದು.

ಒಂದೇ ಒಂದು ವಿಷಯದಲ್ಲಿ ಚರ್ಚೆ ನಡೆಯಿತು. ಇಡೀ ಮನೆಗೆ ಒಂದೇ ಇ.ಎಲ್.ಸಿ.ಬಿ. ಹಾಕಿದರೆ, ಮಳೆಗಾಲದಲ್ಲಿ ಹೊರಗಿನ ದೀಪಕ್ಕೆ ನೀರು ಸೋರಿ ಅದು ಬಿದ್ದಾಗ ಫ್ರಿಜ್ಜೂ ನಿಲ್ಲುತ್ತದೆ. ನಾವು ಊರಿನಲ್ಲಿಲ್ಲದಿದ್ದರೆ ಒಳಗಿನದೆಲ್ಲ ಹಾಳು. ಆಗ ಅಮ್ಮನಿಗೆ ದಿನಾ ಇನ್ಸುಲಿನ್ ಬೇಕಿತ್ತು; ಅದನ್ನು ಇಡುತ್ತಿದ್ದುದೂ ಆ ಫ್ರಿಜ್ಜಿನಲ್ಲೇ. ಹಾಗಾದರೆ ಫ್ರಿಜ್ಜನ್ನು ಆ ರಕ್ಷಣೆಯಿಂದಲೇ ಹೊರಗಿಡೋಣವೇ ಎಂದು ಕೇಳಿದೆ. ಅವನು ತಲೆಯಾಡಿಸಿದ. "ಔಷಧಿ ಇನ್ನೊಂದು ತರಬಹುದು ಸರ್." ಕೊನೆಗೆ ಫ್ರಿಜ್ಜಿನ ಲೈನಿಗೇ ಪ್ರತ್ಯೇಕವಾಗಿ ಒಂದು ಎಂ.ಸಿ.ಬಿ., ಒಂದು ಇ.ಎಲ್.ಸಿ.ಬಿ. ಹಾಕಿದ. ಈಗ ಅವೆರಡೂ ಒಂದೇ ಡಬ್ಬಿಯಲ್ಲಿ ಸೇರಿ ಆರ್.ಸಿ.ಬಿ.ಒ. ಎಂಬ ಹೆಸರಿನಲ್ಲಿ ಸಿಗುತ್ತವೆ. ಪ್ರತ್ಯೇಕ ಲೈನಿನ ನಿಜವಾದ ಪ್ರಯೋಜನ ನನಗೆ ಅರ್ಥವಾದದ್ದು ಆಗಲೇ: ಬೇರೆಯವರ ದೋಷಕ್ಕೆ ಫ್ರಿಜ್ಜು ನಿಲ್ಲುವುದಿಲ್ಲ, ಫ್ರಿಜ್ಜಿನ ದೋಷಕ್ಕೆ ಮನೆ ಕತ್ತಲಾಗುವುದಿಲ್ಲ, ಮತ್ತು ಯಾವುದು ಬಿದ್ದಿದೆಯೋ ದೋಷ ಅಲ್ಲಿಯೇ ಇದೆ ಎಂದು ಕೂಡಲೇ ತಿಳಿಯುತ್ತದೆ. ಆದರೆ ಈ ವ್ಯವಸ್ಥೆಯಲ್ಲಿ ನ್ಯೂಟ್ರಲ್ ಕೂಡ ಫ್ರಿಜ್ಜಿನದೇ ಆಗಿರಬೇಕು. ಮುಂದೆ ಯಾರಾದರೂ ಇನ್ವರ್ಟರ್ ಕೂರಿಸುವ ಭರದಲ್ಲಿ ನ್ಯೂಟ್ರಲ್‌ಗಳನ್ನು ಬೆರೆಸಿದರೆ ಕಾರಣವಿಲ್ಲದೆ ಪದೇಪದೇ ಬೀಳುತ್ತದೆ. ಆಗ ಜನ ಬೇಸತ್ತು ಅದನ್ನೇ ಕಿತ್ತೆಸೆಯುತ್ತಾರೆ!

ಈಗಿನ ಫ್ರಿಜ್ಜುಗಳು ಬೇರೆಯೇ ಆಗಿವೆ. ಇನ್ವರ್ಟರ್ ಕಂಪ್ರೆಸರು ಮೆಲ್ಲಗೆ ಎದ್ದು ಮೆಲ್ಲಗೆ ಓಡುತ್ತದೆ. ಬಲ್ಬು ಕಣ್ಣು ಮಿಟುಕಿಸುವುದಿಲ್ಲ. ವೋಲ್ಟೇಜಿನ ಏರಿಳಿತವನ್ನು ಅನೇಕವು ತಾವೇ ತಾಳಿಕೊಳ್ಳುತ್ತವೆ. ಪ್ರತ್ಯೇಕ ಲೈನಿಗೆ ಇದ್ದ ಹಳೆಯ ಕಾರಣಗಳಲ್ಲಿ ಒಂದು ಹೀಗೆ ಸವೆದಿದೆ. ಆದರೆ ಮೈ ಇನ್ನೂ ತಗಡಿನದೇ, ನಮ್ಮ ಕಾಲು ಇನ್ನೂ ಬರಿಗಾಲೇ. ಮಂಜು ಕರಗಿಸುವ ಹೀಟರು ಒಳಗೆ ಸೇರಿರುವುದರಿಂದ ಸೋರಿಕೆಗೆ ಒಂದು ದಾರಿ ಹೆಚ್ಚೇ ಆಗಿದೆ. ಅನೇಕ ಫ್ರಿಜ್ಜುಗಳಲ್ಲಿ ಈಗ ಐಸೋಬ್ಯೂಟೇನ್ ಎಂಬ ಉರಿಯುವ ಅನಿಲವಿದೆ. ಪ್ರಮಾಣ ಕೆಲವೇ ಹತ್ತು ಗ್ರಾಂ ಆದರೂ, ಹಿಂಬದಿಯ ತಂತಿಯನ್ನು ಸ್ವಂತ ಜಾಣ್ಮೆಯಿಂದ ಬಿಚ್ಚಿ ಕಟ್ಟುವವರು ಇದನ್ನು ತಿಳಿದಿರುವುದು ಒಳ್ಳೆಯದು.

ನಮ್ಮ ಡಿ.ಬಿ. ಬಾಕ್ಸಿನ ಮುಚ್ಚಳದ ಒಳಬದಿಯಲ್ಲಿ ಅವನು ದುಂಡಕ್ಷರದಲ್ಲಿ ಬರೆದು ಅಂಟಿಸಿದ ಚೀಟಿ ಹಳದಿಯಾಗಿದ್ದರೂ ಹಾಗೆಯೇ ಇದೆ: 'ಫ್ರಿಜ್: ಆಫ್ ಮಾಡಬೇಡಿ. ತಿಂಗಳಿಗೊಮ್ಮೆ ಟೆಸ್ಟ್ ಒತ್ತಿ.' ಮಗಳ ಮನೆಗೆ ಹೊರಡುವ ದಿನ ಉಳಿದೆಲ್ಲವನ್ನೂ ಒಂದೊಂದಾಗಿ ಕೆಳಗೆ ಮಾಡಿ, ಅದೊಂದನ್ನು ಮಾತ್ರ ಬಿಟ್ಟು ಬೀಗ ಹಾಕುತ್ತೇನೆ. ಟೆಸ್ಟ್ ಗುಂಡಿಯನ್ನು ಒತ್ತುವ ಕೆಲಸ ಈಗ ಮೊಮ್ಮಗನದು; 'ಟಕ್' ಎಂದು ಅದು ಬೀಳುವ ಸದ್ದು ಅವನಿಗೆ ಬಹಳ ಇಷ್ಟ.